ದೂರದ ಮನೆಯ ಈಜುಕೊಳ: ಕ್ಲೋರಿನ್ ಇದ್ದರೂ ನೀರು ಹಸಿರಾಗುತ್ತಿರುವುದೇಕೆ?

ಪ್ರಶ್ನೆ: ಮಲೆನಾಡಿನವಳು, ರೆಡಿಂಗ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮಗೆ ಸ್ಪೇನ್ ದೇಶದ ಅಲಿಕಾಂಟೆ ಪ್ರಾಂತ್ಯದ ಡೆನಿಯಾ ಪಟ್ಟಣದ ಹೊರವಲಯದಲ್ಲಿ ರಜಾದಿನಗಳಿಗೆಂದು ಕೊಂಡ ಚಿಕ್ಕ ಮನೆಯೊಂದಿದೆ. ಅದರ ಹಿತ್ತಿಲಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕಾಂಕ್ರೀಟ್ ಈಜುಕೊಳವಿದೆ. ಬ್ರೆಕ್ಸಿಟ್ ನಂತರ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಉಳಿಯುವಂತಿಲ್ಲವಾದ್ದರಿಂದ, ವರ್ಷದ ಬಹುಭಾಗ ಆ ಕೊಳ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಸ್ಥಳೀಯ ನಿರ್ವಹಣೆಯವರೊಬ್ಬರು ವಾರಕ್ಕೊಮ್ಮೆ ಬಂದು ಕಸ ತೆಗೆದು, ತಳ ಗುಡಿಸಿ, 200 ಗ್ರಾಂ ತೂಕದ 3 ಕ್ಲೋರಿನ್ ಮಾತ್ರೆಗಳನ್ನು ಹಾಕಿ ಹೋಗುತ್ತಾರೆ. ಮೊದಲ ಬೇಸಿಗೆ ತೊಂದರೆಯಿಲ್ಲದೆ ಕಳೆಯಿತು. ಈ ಬೇಸಿಗೆಯಲ್ಲಿ ನೀರು ಹಸಿರಾಗಿ, ಗೋಡೆಗಳು ಜಾರುತ್ತಿವೆ. ಪರೀಕ್ಷಾ ಪಟ್ಟಿಯಲ್ಲಿ ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಂ, ಪಿಎಚ್ 7.8 ಎಂದು ತೋರಿಸುತ್ತಿದೆಯಂತೆ. ನೀರನ್ನು ಸಂಪೂರ್ಣ ಖಾಲಿ ಮಾಡಬೇಕು, ಇಲ್ಲವೇ ತಾಮ್ರವಿರುವ ಪಾಚಿನಾಶಕ ಸುರಿಯಬೇಕು ಎಂಬುದು ಅವರ ಸಲಹೆ. ಆಗಸ್ಟಿನಲ್ಲಿ ಶಿವಮೊಗ್ಗದಿಂದ ಅತ್ತೆ ಮಾವ ಮತ್ತು ನಾದಿನಿಯ ಮಕ್ಕಳು ಬರುವವರಿದ್ದಾರೆ. ಅಷ್ಟು ನೀರನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ: ಶುದ್ಧಜಲ, ದುಬೈ

ನಮಸ್ಕಾರ ಮೇಡಂ. ಇಲ್ಲಿ ಕೆಲವು ವಿಲ್ಲಾಗಳ ಕೊಳದ ನೀರನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ನಿಮ್ಮ ವಿವರಣೆಯನ್ನು ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಆ ಮಾತ್ರೆಗಳ ಮೇಲೆ. ಅವು ಬಹುತೇಕ ಟ್ರೈಕ್ಲೋರ್ ಮಾತ್ರೆಗಳೇ ಆಗಿರುತ್ತವೆ. ಅವು ಕರಗಿದಾಗ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಇದನ್ನೇ ಅಂಗಡಿಗಳಲ್ಲಿ ಸ್ಟೆಬಿಲೈಸರ್ ಎನ್ನುವುದು. ಸ್ವಲ್ಪ ಪ್ರಮಾಣದಲ್ಲಿ ಇದು ಬೇಕೇ ಬೇಕು. ಏಕೆಂದರೆ ಇದಿಲ್ಲದ ನೀರಿನಲ್ಲಿ ಬೇಸಿಗೆಯ ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ನಿನ ಬಹುಪಾಲನ್ನು ನಾಶ ಮಾಡುತ್ತದೆ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಸ್ಟೆಬಿಲೈಸರ್ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗುವುದಿಲ್ಲ. ಹಳೆಯ ನೀರು ಹೊರಗೆ ಹೋಗಿ ಹೊಸ ನೀರು ಬಂದರೆ ಮಾತ್ರ ಕಡಿಮೆಯಾಗುತ್ತದೆ.

ನೀವೇ ಲೆಕ್ಕ ಹಾಕಿ ನೋಡಿ. ನಿಮ್ಮ ಕೊಳದಲ್ಲಿ ಸುಮಾರು 48,000 ಲೀಟರ್ ನೀರಿದೆ. ವಾರಕ್ಕೆ 600 ಗ್ರಾಂ ಮಾತ್ರೆ ಎಂದರೆ ಸುಮಾರು 330 ಗ್ರಾಂ ಸಯನ್ಯೂರಿಕ್ ಆಮ್ಲ, ಅಂದರೆ ಪ್ರತಿ ವಾರ ಲೀಟರಿಗೆ ಹತ್ತಿರಹತ್ತಿರ 7 ಮಿಲಿಗ್ರಾಂ ಸೇರ್ಪಡೆ. ಹೀಗೆ 20 ವಾರ ಕಳೆದರೆ 140. ಮಳೆ ಮತ್ತು ಫಿಲ್ಟರ್ ತೊಳೆಯುವಾಗ ಹೋಗುವ ನೀರಿನಿಂದ ಕೊಂಚ ಇಳಿದಿರಬಹುದು, ಆದರೂ ಎರಡನೆಯ ಬೇಸಿಗೆಯ ಹೊತ್ತಿಗೆ ಅದು ಮಿತಿ ಮೀರಿರುವುದು ಸಹಜ. ಸ್ಪೇನ್‌ನ 2013ರ ಈಜುಕೊಳ ನಿಯಮಾವಳಿ ಸಾರ್ವಜನಿಕ ಕೊಳಗಳಿಗೆ ಇಟ್ಟಿರುವ ಮಿತಿ ಲೀಟರಿಗೆ 75 ಮಿಲಿಗ್ರಾಂ. ನಿಮ್ಮದು ಒಂದು ಕುಟುಂಬದ ಖಾಸಗಿ ಕೊಳವಾದರೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಸ್ಟೆಬಿಲೈಸರ್ ಹೆಚ್ಚಿದಷ್ಟೂ ಕ್ಲೋರಿನ್ ಅದರ ಹಿಡಿತಕ್ಕೆ ಸಿಕ್ಕಿ ನಿಧಾನವಾಗುತ್ತದೆ. ಪರೀಕ್ಷಾ ಪಟ್ಟಿ ಆ ಹಿಡಿತದಲ್ಲಿರುವ ಕ್ಲೋರಿನ್ನನ್ನೂ ಸೇರಿಸಿ ಎಣಿಸುವುದರಿಂದ 3 ಎಂಬ ಅಂಕಿ ಕಾಣುತ್ತದೆ, ಪಾಚಿ ಮಾತ್ರ ಸಾಯುವುದಿಲ್ಲ. ನಾವು ವೃತ್ತಿಯಲ್ಲಿ ಪಾಲಿಸುವ ಲೆಕ್ಕವೆಂದರೆ, ಸ್ಟೆಬಿಲೈಸರಿನ ಸುಮಾರು ಶೇ. 7.5ರಷ್ಟಾದರೂ ಕ್ಲೋರಿನ್ ಸದಾ ಇರಬೇಕು. ಸ್ಟೆಬಿಲೈಸರ್ 40 ಇದ್ದಾಗ 3 ಸಾಕಾಗುತ್ತದೆ. 140 ಇದ್ದರೆ 10ಕ್ಕೂ ಹೆಚ್ಚು ಬೇಕು.

ಆದ್ದರಿಂದ ಮೊದಲು ಅದನ್ನು ಅಳೆಸಿ. ಪಟ್ಟಿಯನ್ನು ನಂಬಬೇಡಿ. ನೀರಿಗೆ ದ್ರಾವಣ ಬೆರೆಸಿ, ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವವರೆಗೆ ಸುರಿಯುವ ಪರೀಕ್ಷೆಯೇ ಸರಿ. ಸಾಮಾನ್ಯವಾಗಿ ಆ ಕೊಳವೆಯ ಗುರುತು 100ಕ್ಕೇ ನಿಲ್ಲುವುದರಿಂದ, ಕೊಳದ ನೀರಿಗೆ ಸಮಪ್ರಮಾಣದ ನಲ್ಲಿ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಎರಡರಿಂದ ಗುಣಿಸಬೇಕು. ತಾಮ್ರದ ಪಾಚಿನಾಶಕವನ್ನು ಸದ್ಯಕ್ಕೆ ಬೇಡವೆನ್ನಿ. ಮೂಲ ಕಾರಣ ಹಾಗೆಯೇ ಉಳಿಯುತ್ತದೆ, ಮೇಲಾಗಿ ಗೋಡೆಯ ಮೇಲೆ ಕಲೆ ಕೂರುವ ಸಂಭವವಿದೆ.

ಉತ್ತರ: ಕಡಲಂಚಿನವ, ಮುರ್ಸಿಯಾ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಯಾರೂ ಇಲ್ಲದ ಮನೆಯಲ್ಲಿ ರಸಾಯನಕ್ಕಿಂತ ಮೊದಲು ಕೈಕೊಡುವುದು ವಿದ್ಯುತ್ತು. ಗುಡುಗು ಮಳೆಯಾದಾಗ ಪಂಪಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದಾಗ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್, ಬಿದ್ದುಹೋಗುತ್ತದೆ. ಮುಂದಿನ ಭೇಟಿಯವರೆಗೆ ನೀರು ಕದಲದೆ ನಿಂತರೆ, 28 ಡಿಗ್ರಿಯ ನೀರಿನಲ್ಲಿ ಪಾಚಿಗೆ ಕೆಲವು ದಿನಗಳೇ ಸಾಕು. ತಾನಾಗಿಯೇ ಪರೀಕ್ಷಿಸಿಕೊಂಡು ಮತ್ತೆ ಮೇಲೇಳುವ ಸ್ವಿಚ್‌ಗಳು ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ; ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಹಾಕಿಸಿ. ಟೈಮರ್ ಎಷ್ಟು ಗಂಟೆಗೆ ಇಟ್ಟಿದ್ದಾರೆಂದೂ ವಿಚಾರಿಸಿ. ನೀರಿನ ಉಷ್ಣತೆಯ ಅರ್ಧದಷ್ಟು ಗಂಟೆ ಪಂಪ್ ಓಡಬೇಕೆಂಬುದು ಇಲ್ಲಿ ರೂಢಿಯಲ್ಲಿರುವ ಲೆಕ್ಕ. ಅಂದರೆ 28 ಡಿಗ್ರಿಗೆ 14 ಗಂಟೆ. ಕರೆಂಟ್ ಬಿಲ್ಲಿನ ಉಳಿತಾಯಕ್ಕೆಂದು ಚಳಿಗಾಲದ 3–4 ಗಂಟೆಯಲ್ಲೇ ಬಿಟ್ಟಿರುವ ಮನೆಗಳನ್ನು ಬಹಳ ನೋಡಿದ್ದೇನೆ.

ಬೇಸಿಗೆಯ ಬಿಸಿಲಿಗೂ ಗಾಳಿಗೂ ದಿನಕ್ಕೆ ಹಲವು ಮಿಲಿಮೀಟರ್ ನೀರು ಆವಿಯಾಗುತ್ತದೆ. ಮಟ್ಟ ಸ್ಕಿಮ್ಮರಿನ (ಮೇಲ್ಮೈ ನೀರನ್ನು ಪಂಪಿಗೆ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಗಿಂತ ಕೆಳಗಿಳಿದರೆ ಪಂಪ್ ಗಾಳಿ ಎಳೆದುಕೊಂಡು ಒಣಗಿ ಓಡಿ ಸುಟ್ಟುಹೋಗಬಹುದು. ತೇಲುಗುಂಡು ಇರುವ ತುಂಬುನಲ್ಲಿಯೊಂದನ್ನು ಹಾಕಿಸಿ. ಆದರೆ ಅದು ಸೋರಿಕೆಯನ್ನು ಮರೆಮಾಚುವುದರಿಂದ, ಅದರ ಪೈಪಿಗೆ ಪ್ರತ್ಯೇಕ ಮೀಟರ್ ಇರಲಿ. ಸಹಾರಾದ ಧೂಳು ಹೊತ್ತು ತರುವ ‘ಕಲಿಮಾ’ ಗಾಳಿಯ ಕಾಟ ನಿಮ್ಮ ಕಡೆಯೂ ಇದೆ. 2022ರ ಮಾರ್ಚ್‌ನಲ್ಲಿ ಆಕಾಶವೇ ಕೇಸರಿಯಾಗಿ ಕೊಳಗಳೆಲ್ಲ ಕೆಸರು ಬಣ್ಣಕ್ಕೆ ತಿರುಗಿದ್ದವು. ಅಂಥ ಗಾಳಿಯ ನಂತರ ವಾರದ ಸರದಿಗೆ ಕಾಯದೆ ಮರಳು ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿಸಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಸಬೇಕು. ಉಳಿದ ದಿನಗಳಲ್ಲಿ, ಫಿಲ್ಟರ್ ಶುದ್ಧವಿದ್ದಾಗಿನ ಒತ್ತಡಕ್ಕಿಂತ ಮುಳ್ಳು ಅರ್ಧ ಬಾರ್ ಮೇಲೇರಿದಾಗ ಮಾಡಿದರೆ ಸಾಕು.

ಮರುಪ್ರಶ್ನೆ: ಮಲೆನಾಡಿನವಳು, ರೆಡಿಂಗ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀರಿನ ಮಾದರಿಯನ್ನು ಈಜುಕೊಳದ ಅಂಗಡಿಯೊಂದಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಿದೆವು. ಸಯನ್ಯೂರಿಕ್ ಆಮ್ಲ 140 ಬಂದಿದೆ. ಟೈಮರ್ ದಿನಕ್ಕೆ 5 ಗಂಟೆ ಮಾತ್ರ ಇತ್ತು, ಅದನ್ನು ಹೆಚ್ಚಿಸಲು ಹೇಳಿದ್ದೇವೆ. ಈಗ ಎಷ್ಟು ನೀರು ತೆಗೆಯಬೇಕು? ಮಾತ್ರೆ ಬೇಡವೆಂದರೆ, ವಾರಕ್ಕೊಮ್ಮೆ ಮಾತ್ರ ಬರುವವರು ಇನ್ನೇನು ಹಾಕಬೇಕು?

ಉತ್ತರ: ಶುದ್ಧಜಲ, ದುಬೈ

ಅರ್ಧ ತೆಗೆಯಿರಿ ಮೇಡಂ, ಪೂರ್ತಿ ಬೇಡ. ಅರ್ಧ ನೀರು ಬದಲಾದರೆ 140 ಇದ್ದದ್ದು 70ಕ್ಕೆ ಇಳಿಯುತ್ತದೆ. ಖಾಲಿ ಕೊಳದ ಕೆಳಗೆ ಅಂತರ್ಜಲವಿದ್ದರೆ ಅದರ ಒತ್ತಡಕ್ಕೆ ಕಾಂಕ್ರೀಟ್ ತೊಟ್ಟಿಯೇ ಮೇಲೇಳಬಹುದು, ಬಿರುಕು ಬಿಡಬಹುದು. ಸಮುದ್ರ ತೀರದ ತಗ್ಗು ನೆಲದಲ್ಲಿ ಈ ಅಪಾಯವನ್ನು ಲಘುವಾಗಿ ಕಾಣಬಾರದು. ಕೆಲಸಕ್ಕೆ ಮೊದಲು ಪಟ್ಟಣದ ಆಡಳಿತ ಕಚೇರಿಯಲ್ಲಿ, ಕೊಳ ತುಂಬಲು ಈಗ ನಿರ್ಬಂಧವಿದೆಯೇ, ಹಳೆಯ ನೀರನ್ನು ಎಲ್ಲಿಗೆ ಬಿಡಬೇಕು ಎಂದು ಕೇಳಿ. 2024ರ ಫೆಬ್ರುವರಿಯಲ್ಲಿ ಬರದ ತುರ್ತುಸ್ಥಿತಿ ಘೋಷಿಸಿದಾಗ ಕಟಲೋನಿಯಾದಲ್ಲಿ ಕೊಳ ತುಂಬುವುದನ್ನೇ ನಿರ್ಬಂಧಿಸಿದ್ದರು. ಕ್ಲೋರಿನ್ ಇರುವ ನೀರನ್ನು ಹತ್ತಿರದ ಹಳ್ಳಕ್ಕೆ ಹರಿಸುವುದಂತೂ ಸರಿಯಲ್ಲ.

ಹೊಸ ನೀರು ತುಂಬಿದ ಮೇಲೆ ಪಿಎಚ್ ಅನ್ನು 7.2ರ ಹತ್ತಿರಕ್ಕೆ ತಂದು, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿಸಿ, ಸ್ಟೆಬಿಲೈಸರ್ ಇಲ್ಲದ ದ್ರವ ಕ್ಲೋರಿನ್ ಹಾಕಿಸಿ, ನೀರು ತಿಳಿಯಾಗುವವರೆಗೆ ಪಂಪನ್ನು ಹಗಲು ರಾತ್ರಿ ಓಡಿಸಬೇಕು. ಕೊಳದ ತಳದ ಜಾಲರಿ ಸ್ಪಷ್ಟವಾಗಿ ಕಾಣುವವರೆಗೆ, ಮತ್ತು ಕ್ಲೋರಿನ್ ಮತ್ತೆ 5ರ ಆಸುಪಾಸಿಗೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು. ಟ್ರೈಕ್ಲೋರ್ ಮಾತ್ರೆಯನ್ನು ಬೇರೆ ಯಾವುದೇ ಕ್ಲೋರಿನ್ ಪುಡಿಯೊಂದಿಗೆ ಒಂದೇ ಡಬ್ಬದಲ್ಲಿ ಬೆರೆಸಿದರೆ ಬೆಂಕಿ ಹತ್ತಬಹುದು, ದ್ರವ ಕ್ಲೋರಿನ್‌ಗೆ ಆಮ್ಲ ತಾಗಿದರೆ ವಿಷಾನಿಲ ಹೊರಡುತ್ತದೆ. ಮನೆಯ ಶೆಡ್ಡಿನಲ್ಲಿ ಇವನ್ನು ದೂರದೂರ ಇರಿಸಿರುವುದನ್ನು ನೀವು ಹೋದಾಗ ಕಣ್ಣಾರೆ ನೋಡಿಕೊಳ್ಳಿ.

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ದ್ರವ ಕ್ಲೋರಿನ್ ದಿನಬಿಟ್ಟು ದಿನವಾದರೂ ಬೇಕಾಗುತ್ತದೆ. ವಾರಕ್ಕೊಮ್ಮೆ ಬರುವವರು ಮಾತ್ರೆಯ ಮೊರೆ ಹೋಗುವುದು ಅದಕ್ಕಾಗಿಯೇ. ಅವರನ್ನು ದೂರಿ ಫಲವಿಲ್ಲ. ನನ್ನ ಅಭಿಪ್ರಾಯದಲ್ಲಿ ಉಪ್ಪಿನ ಕ್ಲೋರಿನೇಟರ್ ಹಾಕಿಸುವುದೇ ನಿಮಗೆ ಸೂಕ್ತ. ಲೀಟರಿಗೆ 4 ಗ್ರಾಂ ಉಪ್ಪೆಂದರೆ ನಿಮ್ಮ ಕೊಳಕ್ಕೆ ಸುಮಾರು 190 ಕಿಲೋ. ಪಂಪ್ ಓಡುತ್ತಿರುವಷ್ಟು ಹೊತ್ತೂ ಅದು ಆ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುತ್ತದೆ, ಸ್ಟೆಬಿಲೈಸರ್ ಏರುವುದಿಲ್ಲ. ಆದರೆ ಇದರಿಂದ ಪಿಎಚ್ ಮೇಲೇರುತ್ತಾ ಹೋಗುತ್ತದೆ, ನಿಮ್ಮ ಕಡೆಯ ಗಡಸು ನೀರಿನಲ್ಲಿ ಅದರ ಫಲಕಗಳ ಮೇಲೆ ಸುಣ್ಣ ಕಟ್ಟುತ್ತದೆ. ಹಾಗಾಗಿ ಜೊತೆಗೆ ಆಮ್ಲವನ್ನು ತಾನೇ ಹನಿಸುವ ಪಂಪೂ ಇರಬೇಕು. ನೀರು 15 ಡಿಗ್ರಿಗಿಂತ ತಣ್ಣಗಾದಾಗ ಕ್ಲೋರಿನೇಟರನ್ನು ಆರಿಸಬೇಕು.

ಉತ್ತರ: ಕಿತ್ತಳೆ ತೋಟ, ಲಿಯಾನ್

ಮಕ್ಕಳು ಬರುತ್ತಾರೆಂದು ಬರೆದಿದ್ದೀರಿ, ಆದ್ದರಿಂದ ಒಂದು ಮಾತು. ಫ್ರಾನ್ಸ್‌ನಲ್ಲಿ 2003ರ ಜನವರಿಯ ಕಾನೂನಿನಂತೆ ನೆಲದೊಳಗೆ ಕಟ್ಟಿದ ಖಾಸಗಿ ಕೊಳಗಳಿಗೆ ಬೇಲಿ, ಅಲಾರಂ, ಗಟ್ಟಿ ಹೊದಿಕೆ ಅಥವಾ ಮುಚ್ಚುಮನೆ, ಇವುಗಳಲ್ಲಿ ಒಂದಾದರೂ ಇರಲೇಬೇಕು. ನಿಮ್ಮ ಕೊಳಕ್ಕೂ ಸುತ್ತ ಬೇಲಿ ಮತ್ತು ತಾನಾಗಿಯೇ ಮುಚ್ಚಿಕೊಳ್ಳುವ ಗೇಟು ಹಾಕಿಸಿ. ಹೊಸ ಜಾಗಕ್ಕೆ ಬಂದ ಮಕ್ಕಳು ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಿತ್ತಿಲಿಗೆ ಓಡುತ್ತಾರೆ. ಬೇಲಿಗೆ ಖರ್ಚಾಗುವುದನ್ನು ನೀವು ಕ್ಲೋರಿನೇಟರಿಗಿಂತ ಮೊದಲು ತೆಗೆದಿಡಿ ಎಂದೇ ನನ್ನ ಸಲಹೆ.

ಉತ್ತರ: ಕಡಲಂಚಿನವ, ಮುರ್ಸಿಯಾ

ಬೇಲಿಯ ಮಾತು ಅಕ್ಷರಶಃ ಸರಿ. ನಿರ್ವಹಣೆಯವರೊಂದಿಗೆ ಮಾಡಿಕೊಳ್ಳುವ ಹೊಸ ಒಪ್ಪಂದದಲ್ಲಿ, ಪ್ರತಿ ಭೇಟಿಯ ನಂತರ ವಾಟ್ಸ್‌ಆ್ಯಪ್‌ನಲ್ಲಿ ಕ್ಲೋರಿನ್, ಪಿಎಚ್, ಫಿಲ್ಟರಿನ ಒತ್ತಡ ಮತ್ತು ತುಂಬುನಲ್ಲಿಯ ಮೀಟರಿನ ಅಂಕಿಗಳನ್ನು ಫೋಟೋ ಸಮೇತ ಕಳುಹಿಸಬೇಕು, ತಿಂಗಳಿಗೊಮ್ಮೆ ಸಯನ್ಯೂರಿಕ್ ಆಮ್ಲವನ್ನೂ ಅಳೆಯಬೇಕು ಎಂದು ಸ್ಪ್ಯಾನಿಷ್ ಭಾಷೆಯಲ್ಲಿಯೇ ಬರೆಸಿ. ನೀರಿನ ಫೋಟೋವನ್ನು ಮೇಲಿನಿಂದಲ್ಲ, ಆಳದ ತುದಿಯ ತಳದ ಜಾಲರಿ ಕಾಣುವಂತೆ ತೆಗೆಯಬೇಕೆಂದೂ ಸೇರಿಸಿ. ಜುಲೈ ಮತ್ತು ಆಗಸ್ಟ್ ತಿಂಗಳುಗಳಿಗೆ ಮಾತ್ರ ವಾರಕ್ಕೆ ಎರಡು ಭೇಟಿಗೆ ದರ ಕೇಳಿ ನೋಡಿ. ಅತಿಥಿಗಳು ಬರುವ ಮುಂಚಿನ ಭೇಟಿಯನ್ನು ಅವರು ತಲುಪುವ ದಿನಕ್ಕಲ್ಲ, ಅದಕ್ಕೂ ಮೂರು ದಿನ ಮೊದಲಿಗೆ ಗೊತ್ತು ಮಾಡಿ.