ಯುವಿಗೆ ಫಿಲ್ಮ್ ಬಾಗುತ್ತೆ, ಆದರೆ ಕತ್ತರಿಸಿದ ಅಂಚು ಕೂಡಿಕೊಳ್ಳುತ್ತಿಲ್ಲ

ನೀಲಿಬೆಳಕು:
ಎಲ್ಲರಿಗೂ ನಮಸ್ಕಾರ. ಎಂ.ಎಸ್‌ಸಿ ಪ್ರಾಜೆಕ್ಟ್‌ಗೆ ಅಜೋಬೆಂಜೀನ್ (ಬೆಳಕಿಗೆ ಆಕಾರ ಬದಲಿಸುವ ಅಣು) ಇರುವ ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಫಿಲ್ಮ್ ಮಾಡಿದ್ದೇನೆ, ಇದರಲ್ಲಿ ಅಣುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಪಾಲಿಮರ್ ಸರಪಳಿಗಳನ್ನು ಒಂದಕ್ಕೊಂದು ಕಟ್ಟುವ ಕ್ರಾಸ್‌ಲಿಂಕರ್‌ನಲ್ಲಿ ಅರೋಮ್ಯಾಟಿಕ್ ಡೈಸಲ್ಫೈಡ್ ಇದೆ, ಅಂದರೆ ಮುರಿದು ಮತ್ತೆ ಕೂಡಬಲ್ಲ ಗಂಧಕದ ಬಂಧ. ದಪ್ಪ 40 ಮೈಕ್ರಾನ್, ಟಿಜಿ (ಗಡಸು ಫಿಲ್ಮ್ ಮೆದುವಾಗುವ ತಾಪಮಾನ) ಸುಮಾರು 55 ಡಿಗ್ರಿ. 365 ನ್ಯಾನೋಮೀಟರ್ ಯುವಿ ಎಲ್‌ಇಡಿ ಹಿಡಿದರೆ ಚೆನ್ನಾಗಿ ಬಾಗುತ್ತದೆ, 450ರ ನೀಲಿ ಬೆಳಕಿಗೆ ನೆಟ್ಟಗಾಗುತ್ತದೆ. ಬ್ಲೇಡಿನಲ್ಲಿ ಎರಡು ತುಂಡು ಮಾಡಿ, ಅಂಚಿಗೆ ಅಂಚು ಸೇರಿಸಿ ಅದೇ ಯುವಿ ಕೊಟ್ಟರೆ ಮಾತ್ರ ಕೂಡುವುದಿಲ್ಲ. ಮೇಲ್ಗಡೆ ಸ್ವಲ್ಪ ಹಿಡಿದಂತೆ ಕಾಣುತ್ತದೆ, ಚಿಮಟದಲ್ಲಿ ಎತ್ತಿದರೆ ಬಿಟ್ಟುಕೊಳ್ಳುತ್ತದೆ. ಎಲ್‌ಇಡಿ ಪವರ್ ಜಾಸ್ತಿ ಮಾಡಬೇಕಾ?

ರಾಳದಂಗಡಿ:
ಬೇಡ, ಪವರ್ ಮುಟ್ಟಬೇಡಿ. ಮೇಲ್ಗಡೆ ಮಾತ್ರ ಹಿಡಿಯಿತು ಅಂದಿರಲ್ಲ, ಕಾರಣ ಅಲ್ಲೇ ಇದೆ. ಅಜೋಬೆಂಜೀನ್ 365ರ ಬೆಳಕನ್ನು ಸಿಕ್ಕಾಪಟ್ಟೆ ಹೀರುತ್ತದೆ. 2003ರಲ್ಲಿ ಜಪಾನಿನ ತೊಮಿಕಿ ಇಕೆಡಾ ಅವರ ತಂಡ ಬಾಗುವ ಫಿಲ್ಮ್ ತೋರಿಸಿದಾಗ ಕೊಟ್ಟ ವಿವರಣೆಯೂ ಇದೇ. ಬೆಳಕೆಲ್ಲ ಮೇಲಿನ ತೆಳು ಪದರದಲ್ಲೇ ಮುಗಿದುಹೋಗುತ್ತದೆ. ಆ ಪದರದ ಅಣುಗಳು ನೆಟ್ಟಗಿನ ಟ್ರಾನ್ಸ್ ರೂಪದಿಂದ ಮಡಚಿದ ಸಿಸ್ ರೂಪಕ್ಕೆ ತಿರುಗಿ ಪದರ ಕುಗ್ಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಅದಕ್ಕೇ ಫಿಲ್ಮ್ ಬೆಳಕಿನ ಕಡೆಗೆ ಬಾಗುವುದು.

ಈಗ ನಿಮ್ಮ ಡೈಸಲ್ಫೈಡ್ ನೋಡಿ. ಅದು ಮುರಿದು ಪಕ್ಕದ ಬಂಧದ ಜೊತೆ ಅದಲುಬದಲಾಗಲು ಅದಕ್ಕೂ ಬೆಳಕು ಬೇಕು, ಇಲ್ಲವೇ ಬಿಸಿ ಬೇಕು. ಬಿಸಿಯೂ ಇಲ್ಲದೆ, ಒಳಗೆ ಬೆಳಕೂ ಇಳಿಯದಿದ್ದರೆ ಗಾಯದ ಬಹುಪಾಲು ಹಾಗೇ ಉಳಿಯುತ್ತದೆ. ಸಾಲದ್ದಕ್ಕೆ ಎರಡೂ ತುಂಡು ಬೇರೆಬೇರೆಯಾಗಿ ಮೇಲಕ್ಕೆ ಸುರುಳಿಯಾಗಿ ಅಂಚನ್ನು ದೂರ ಎಳೆಯುತ್ತವೆ. ಪವರ್ ಏರಿಸಿದಷ್ಟೂ ಎಳೆತ ಜಾಸ್ತಿ.

ಮೊದಲು ಕತ್ತಲಲ್ಲಿ ಪರೀಕ್ಷೆ ಮಾಡಿ. ಹೊಸದಾಗಿ ಕತ್ತರಿಸಿದ ತುಂಡುಗಳನ್ನು ಟೆಫ್ಲಾನ್ ಹಾಳೆಗಳ ನಡುವೆ ಇಟ್ಟು, ಮೇಲೆ ಗಾಜು ಒತ್ತಿ, ಟಿಜಿಗಿಂತ ಮೇಲೆ, ಅಂದರೆ 70 ಡಿಗ್ರಿಯಲ್ಲಿ ಬಿಡಿ. ಕೂಡಿದರೆ ನಿಮ್ಮ ಕೆಮಿಸ್ಟ್ರಿ ಸರಿಯಾಗಿದೆ, ಬೆಳಕು ತಲುಪದಿರುವುದೇ ತೊಂದರೆ.

ನೀಲಿಬೆಳಕು:
ಕೂಡಿತು! ಎತ್ತಿದರೂ ಬಿಡಲಿಲ್ಲ, ಮೈಕ್ರೋಸ್ಕೋಪಿನಲ್ಲಿ ಗೆರೆ ಮಾತ್ರ ಕಾಣುತ್ತದೆ. ಆದರೆ ಆ ಜಾಗದಲ್ಲಿ ಬಾಗುವುದು ಮೊದಲಿಗಿಂತ ಕಡಿಮೆ. ಬಿಸಿ ಜಾಸ್ತಿಯಾಯಿತಾ?

ಹರಳುಗಣ್ಣು:
ಬಿಸಿಗಿಂತ ಒತ್ತಡದ ಮೇಲೆ ನನ್ನ ಅನುಮಾನ. ಟಿಜಿ ದಾಟಿದ ಮೇಲೆ ಬಂಧಗಳು ಅದಲುಬದಲಾಗುತ್ತಿರುತ್ತವೆ. ಆಗ ಜೋರಾಗಿ ಒತ್ತಿದರೆ ಆ ಒತ್ತಿದ ಆಕಾರವೇ ಖಾಯಂ ಆಗುತ್ತದೆ, ಲಿಕ್ವಿಡ್ ಕ್ರಿಸ್ಟಲ್ ಅಣುಗಳ ಸಾಲೂ ಕೆಡುತ್ತದೆ. ಸಾಲು ಕೆಟ್ಟರೆ ಬಾಗುವ ದಿಕ್ಕೂ ಬಲವೂ ಹೋಯಿತು. ಗಾಜಿನ ತೂಕ ಮಾತ್ರ ಸಾಕು, ಕ್ಲಿಪ್ ಹಾಕಿದ್ದರೆ ತೆಗೆಯಿರಿ. ಸಾಲು ಕರಗುವ ತಾಪಮಾನವನ್ನು ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ವಸ್ತು ಹೀರುವ ಶಾಖ ಅಳೆಯುವ ಯಂತ್ರ) ನೋಡಿ, ಅದರ ಕೆಳಗೇ ಇರಿ. ಆಮೇಲೆ ಫಿಲ್ಮನ್ನು ಅಡ್ಡಡ್ಡ ಪೋಲರೈಸರ್‌ಗಳ ನಡುವೆ ತಿರುಗಿಸಿ. ಕೂಡಿಸಿದ ಜಾಗವೂ ಉಳಿದ ಫಿಲ್ಮಿನ ಜೊತೆಗೇ ಕಪ್ಪಾಗಿ, ಜೊತೆಗೇ ಬೆಳಗಿದರೆ ಸಾಲು ಉಳಿದಿದೆ ಅಂತ ಅರ್ಥ.

ರಾಳದಂಗಡಿ:
ಹೌದು, ಸರಿಯಾಗಿ ಹೇಳಿದಿರಿ. ಬೆಳಕಿನಿಂದಲೇ ವಾಸಿಯಾಗಬೇಕು ಅಂತ ಗೈಡ್ ಹಟ ಹಿಡಿದರೆ ಅಜೋ ಪ್ರಮಾಣ ಇಳಿಸಿ, ಫಿಲ್ಮ್ ತೆಳು ಮಾಡಿ, ಎರಡೂ ಕಡೆಯಿಂದ ಯುವಿ ಕೊಡಿ. ಎರಡೂ ಮುಖ ಕುಗ್ಗಿದರೆ ಸುರುಳಿಯೂ ಅಷ್ಟಾಗಿ ಆಗುವುದಿಲ್ಲ. ಮಾಮೂಲಿ ಗಾಜಿನ ಸ್ಲೈಡ್ 365ಕ್ಕೆ ಅಡ್ಡ ಬರಲ್ಲ, ಕ್ವಾರ್ಟ್ಜ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಯುವಿ ಕನ್ನಡಕ ಮಾತ್ರ ಮರೆಯಬೇಡಿ.

ನೀಲಿಬೆಳಕು:
ಕ್ಲಿಪ್ ಹಾಕಿದ್ದು ನಿಜ. ತೆಗೆದು ಮತ್ತೆ ಮಾಡುತ್ತೇನೆ, ಪೋಲರೈಸರ್ ಫೋಟೋ ಇಲ್ಲೇ ಹಾಕುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.