ಸಹಾಯ ಬೇಕು: ಫೋರಂ ನಾಟಕದಲ್ಲಿ ನೋಡುಗರು ಮಾಲೀಕನ ಜಾಗಕ್ಕೇ ಬರುತ್ತಾರೆ

ಬಾಕಿ ಕೂಲಿಯ ಬಗ್ಗೆ 6 ನಟರ, 20 ನಿಮಿಷದ ಬೀದಿ ನಾಟಕ ಕಟ್ಟಿದ್ದೇವೆ. ಬ್ರೆಜಿಲ್‌ನ ಅಗಸ್ಟೊ ಬೋಆಲ್ ರೂಪಿಸಿದ ಫೋರಂ ಪದ್ಧತಿ: ಒಮ್ಮೆ ಪೂರ್ತಿ ಆಡಿ, ಎರಡನೇ ಸಲ ಆಡುವಾಗ ನೋಡುಗರು ‘ನಿಲ್ಲಿಸಿ’ ಎಂದು ಎದ್ದುಬಂದು ಕೆಲಸಗಾರ್ತಿಯ ಪಾತ್ರ ವಹಿಸಬೇಕು.

ಆದರೆ ಹೆಚ್ಚಿನವರು ಮಾಲೀಕನ ಜಾಗಕ್ಕೇ ಬರುತ್ತಾರೆ. ಅವನು ಒಳ್ಳೆಯವನಾದ ಕೂಡಲೇ ಸಮಸ್ಯೆ ಮಾಯ, ಸಂಘ ಕಟ್ಟುವ ಪ್ರಶ್ನೆ ಏಳುವುದೇ ಇಲ್ಲ. ‘ಇದು ನಿಜವಾಗಿ ನಡೆದೀತೇ?’ ಎಂದು ಜೋಕರ್ (ನಟರಿಗೂ ನೋಡುಗರಿಗೂ ನಡುವೆ ನಿಂತು ಆಟ ನಡೆಸಿಕೊಡುವವರು) ಸಭೆಯನ್ನು ಕೇಳಬೇಕು, ಅದು ಗೊತ್ತು. ಹಾಗೆ ಕೇಳಿದರೆ ಬಂದವರು ಮುಜುಗರಪಟ್ಟು ಸರಿಯುತ್ತಾರೆ, ಆಮೇಲೆ ಬೇರೆ ಯಾರೂ ಏಳುವುದಿಲ್ಲ. ನೋಯಿಸದೆ ತಡೆಯುವ ಮಾತು ಯಾವುದು?

ಮಾಲೀಕನ ಪಾತ್ರಧಾರಿ ಎಷ್ಟು ಬಿಗಿ ಹಿಡಿಯಬೇಕು? ಬೇಗ ಸೋತರೆ ಸುಳ್ಳು ಗೆಲುವು. ಕೊನೆತನಕ ಅಬ್ಬರಿಸಿದರೆ ಬಂದವರ ಬಾಯೇ ಕಟ್ಟುತ್ತದೆ.

ಕೆಲಸಗಾರ್ತಿ ಬೇರೆ ದಾರಿ ಹಿಡಿಯಬಹುದಾದ 3 ಕಡೆಗಳನ್ನು ಕಥೆಯಲ್ಲಿ ಬಿಟ್ಟಿದ್ದೇವೆ: ಖಾಲಿ ಹಾಳೆಗೆ ಸಹಿ ಹಾಕುವಾಗ, ಮೇಸ್ತ್ರಿ ಬೆದರಿಸುವಾಗ, ಜೊತೆಗಾರ್ತಿ ಹಿಂಜರಿಯುವಾಗ. ಜನ ನಿಲ್ಲಿಸುವುದು ಬೆದರಿಕೆಯಲ್ಲಿ ಮಾತ್ರ. ಜಗಳ ಎದ್ದು ಕಾಣುವುದು ಅಲ್ಲೇ. ನಿಜವಾದ ಸೋಲು ಸಹಿಯಲ್ಲಿದೆ. ಆ ದೃಶ್ಯವನ್ನು ನಿಧಾನಿಸಬೇಕೇ, ಸ್ತಬ್ಧಚಿತ್ರವಾಗಿ ನಿಲ್ಲಿಸಬೇಕೇ?

ಜೋಕರ್ ಆಗಿ ಅನುಭವವಿರುವವರು ಒಂದು ತಾಲೀಮಿಗೆ ಬಂದು, ಪಟ್ಟು ಬಿಡದ ನೋಡುಗರಂತೆ ನಡೆದುಕೊಂಡು ನಮ್ಮನ್ನು ಪರೀಕ್ಷಿಸಿದರೆ ದೊಡ್ಡ ಉಪಕಾರವಾಗುತ್ತದೆ.