ಚಳಿಗೆ ಕೋಳಿಗೂಡಿನಲ್ಲಿ ಬಲ್ಬ್ ಬೇಕಾ, ಬೇಡ್ವಾ?

ಸಕಲೇಶಪುರದ ಅಕ್ಕ:
ಮೊನ್ನೆ ರಾತ್ರಿ ನಮ್ಮ ಗೂಡಿನ ಬಲ್ಬ್ ಜಾರಿ ಭತ್ತದ ಹೊಟ್ಟಿನ ಮೇಲೆ ಬಿತ್ತು. ನಾಯಿ ಬೊಗಳಿ ಎಬ್ಬಿಸಿತು. ಓಡಿ ಹೋಗುವಷ್ಟರಲ್ಲಿ ಹೊಗೆ ತುಂಬಿತ್ತು, ಮೂರು ಹೇಂಟೆ ಸತ್ತಿದ್ದವು. ದೊಡ್ಡ ಕೋಳಿಗೆ ಬಲ್ಬ್ ಬೇಡವೇ ಬೇಡ. ಅದರ ಮೈಶಾಖವೇ 41 ಡಿಗ್ರಿ ಹತ್ತಿರ ಇರುತ್ತದೆ. ಪುಕ್ಕ ಉಬ್ಬಿಸಿ, ಒತ್ತಿಕೊಂಡು ಕೂತರೆ ನಮ್ಮ ಕಡೆಯ ಡಿಸೆಂಬರ್ ಏನೂ ಮಾಡಲ್ಲ. ಹೊಟ್ಟು ಒಣಗಿರಬೇಕು, ಮೈಮೇಲೆ ನೇರ ಗಾಳಿ ಬೀಸಬಾರದು, ಅಷ್ಟೆ. ನಾಟಿ ಕೋಳಿ ಹಿಂದೆ ಹಲಸಿನ ಮರದ ಮೇಲೇ ಮಲಗುತ್ತಿತ್ತು ಅಲ್ವಾ?

ಬೀದರ್ ರೈತ:
"ಬೇಡವೇ ಬೇಡ" ಅಂತ ಬರೆಯಬೇಡಿ. ಓದಿದವರು ಮರಿಗಳನ್ನು ಚಳಿಗೆ ಬಿಟ್ಟಾರು. ಮೊದಲ ವಾರ ಮರಿಗೆ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬರಬೇಕು. ನಮ್ಮಲ್ಲಿ ಚಳಿ ಜೋರಾದ ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಬಲ್ಬ್ ಇಲ್ಲದೆ ಹೇಗೆ?

ಸಕಲೇಶಪುರದ ಅಕ್ಕ:
"ದೊಡ್ಡ ಕೋಳಿ" ಅಂತ ಬರೆದಿದ್ದೇನೆ. ಇನ್ನೊಮ್ಮೆ ಓದಿ.

ಕೋಲಾರದ ಹುಂಜ:
ನಾಟಿ ಕೋಳಿ ಮರದ ಮೇಲೆ ಮಲಗುತ್ತಿತ್ತು, ನಿಜ. ಆದರೆ ಹೋದ ತಿಂಗಳು ನೀವು ಹಾಕಿದ ಫೋಟೋದಲ್ಲಿ ಇದ್ದದ್ದು ಗಿರಿರಾಜ. ಅದು ನಾಟಿ ಅಲ್ಲ. ಆ ಭಾರಕ್ಕೆ ಅದು ಮರ ಹತ್ತುತ್ತದಾ?

ಸಕಲೇಶಪುರದ ಅಕ್ಕ:
ಹಿತ್ತಲಲ್ಲಿ ಕೆದಕಿ ತಿನ್ನುತ್ತದೆ, ಹುಳ ಹಿಡಿಯುತ್ತದೆ. ನಮ್ಮೂರ ಸಂತೆಯಲ್ಲಿ ನಾಟಿ ಅಂತಲೇ ಮಾರುತ್ತಾರೆ.

ಕೋಲಾರದ ಹುಂಜ:
ಸಂತೆಯಲ್ಲಿ ಮಾರುವವರು ಏನು ಬೇಕಾದರೂ ಹೇಳುತ್ತಾರೆ! ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮಾಡಿದ ತಳಿ. ಒಳ್ಳೆ ತಳಿಯೇ. ಆದರೆ ಕಾವಿಗೆ ಕೂರಲ್ಲ. ನಾಟಿ ಹೇಂಟೆ 21 ದಿನ ಕೂತು ಮರಿ ಎಬ್ಬಿಸುತ್ತದೆ, ರೆಕ್ಕೆಯಡಿ ಇಟ್ಟುಕೊಂಡು ಬೆಚ್ಚಗಿಡುತ್ತದೆ. ಅದಕ್ಕೇ ಅಜ್ಜಿಯಂದಿರಿಗೆ ಬಲ್ಬ್ ಬೇಕಿರಲಿಲ್ಲ.

ಬೀದರ್ ರೈತ:
"ಬೆಚ್ಚಗಿಡುತ್ತದೆ." ನೋಡಿ, ನೀವೇ ಒಪ್ಪಿದಿರಿ. ತಾಯಿ ಇಲ್ಲದ ಮರಿಗೆ ಬಲ್ಬೇ ತಾಯಿ.

ಸಕಲೇಶಪುರದ ಅಕ್ಕ:
ನಮ್ಮ ಒಂದು ಹೇಂಟೆ ಕಾವಿಗೆ ಕೂತಿತ್ತು. ಆರು ಮರಿ ಎದ್ದವು. ಈಗೇನು ಹೇಳುತ್ತೀರಿ?

ಕೋಲಾರದ ಹುಂಜ:
ಒಂದು ಕೂತರೆ ಅದಕ್ಕೆ ನಾಟಿ ರಕ್ತ ಬೆರೆತಿದೆ ಅಂತ ಅರ್ಥ. ಶುದ್ಧ ಗಿರಿರಾಜ ಅಲ್ಲ.

ಸಕಲೇಶಪುರದ ಅಕ್ಕ:
ಹಾಗಾದರೆ ಅದು ನಾಟಿ. ನಾನು ಹೇಳಿದ್ದೂ ಅದನ್ನೇ.

ಕೋಲಾರದ ಹುಂಜ:
ಬೆರಕೆ ಅಂದೆ, ನಾಟಿ ಅನ್ನಲಿಲ್ಲ! ಇಪ್ಪತ್ತು ವರ್ಷ ಸಾಕಿದ್ದೇನೆ. ಸುಮ್ನೆ ಮಾತು ತಿರುಚಬೇಡಿ. ನಿಜವಾದ ನಾಟಿ ಕೋಳಿ ಹೀಗೇ ಹೆಸರು ಕಳೆದುಕೊಳ್ಳುತ್ತಿದೆ. ನನಗೆ ಹೊಟ್ಟೆ ಉರಿಯುತ್ತದೆ.

ಹಾಸನದ ತೋಟ:
ಕರೆಂಟ್ ನಂಬಬೇಡಿ ಅಂತ ನಾನು ಮೊದಲಿಂದ ಹೇಳುತ್ತಿದ್ದೇನೆ. ನಮ್ಮಲ್ಲಿ ಮಣ್ಣಿನ ಮಡಕೆಯಲ್ಲಿ ಇದ್ದಿಲ ಕೆಂಡ ಇಟ್ಟು, ಗೋಣಿಚೀಲದಿಂದ ಗೂಡು ಪೂರ್ತಿ ಮುಚ್ಚುತ್ತೇವೆ. ಬೆಳಗಿನವರೆಗೂ ಬಿಸಿ.

ಪಶು ಸಖಿ:
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಗೂಡಿನಲ್ಲಿ ಮರಿಗಳು ಮಲಗಿದಂತೆಯೇ ಸಾಯುತ್ತವೆ. ಗೋಣಿ ಕಟ್ಟುವುದಾದರೂ ಮೇಲ್ಗಡೆ ಒಂದು ಗೇಣು ಬಿಡಿ. ಕೋಳಿಯ ಉಸಿರಿನಲ್ಲಿ, ಹಿಕ್ಕೆಯಲ್ಲಿ ನೀರಿನಂಶ ಜಾಸ್ತಿ. ಅದು ಹೊರಗೆ ಹೋಗದಿದ್ದರೆ ಹೊಟ್ಟು ಒದ್ದೆಯಾಗಿ ಅಮೋನಿಯಾ ಏಳುತ್ತದೆ. ನೀವು ಬಗ್ಗಿದಾಗ ಕಣ್ಣು ಉರಿದರೆ, ಅವು ರಾತ್ರಿಯೆಲ್ಲ ಅದನ್ನೇ ಕುಡಿಯುತ್ತಿವೆ ಅಂತ ತಿಳಿಯಿರಿ. ನಾನು ನೋಡಿದ ಗೂಡುಗಳಲ್ಲಿ ಬರೀ ಚಳಿಗೆ ಸತ್ತ ದೊಡ್ಡ ಕೋಳಿ ಕಡಿಮೆ. ಉಸಿರು ಕಟ್ಟಿ, ಸೀನಿ, ಮೂಗು ಸುರಿದು ಸತ್ತದ್ದೇ ಹೆಚ್ಚು.

ಹಾಸನದ ತೋಟ:
"ನಾನು ನೋಡಿದ ಗೂಡುಗಳು" ಅಂದರೆ ಎಷ್ಟು? ನಮ್ಮಜ್ಜಿ ಮೂವತ್ತು ವರ್ಷ ಕೆಂಡ ಇಟ್ಟರು.

ಪಶು ಸಖಿ:
ಅಜ್ಜಿಯ ಗೂಡು ಯಾವುದರದ್ದು? ಬಿದಿರಿನದ್ದು, ನೂರು ಸಂದಿ ಇದ್ದದ್ದು. ನಿಮ್ಮದು ತಗಡು, ಪ್ಲಾಸ್ಟಿಕ್ ಹಾಳೆ.

ಹಾಸನದ ತೋಟ:
ಪ್ಲಾಸ್ಟಿಕ್ ಅಲ್ಲ. ಟಾರ್ಪಾಲಿನ್.

ಬೀದರ್ ರೈತ:
ಅಕ್ಕ, ನಿಮ್ಮ ಬಲ್ಬ್ ಬಿದ್ದದ್ದು ಕಟ್ಟಿದ ರೀತಿಯಿಂದ. ವೈರಿನಲ್ಲೇ ನೇತು ಹಾಕಿದ್ದಿರಾ? ನಾನು ಬೇರೆ ಸರಪಳಿ ಹಾಕುತ್ತೇನೆ, ಸುತ್ತ ತಂತಿ ಬಲೆ, ಪಿಂಗಾಣಿ ಹೋಲ್ಡರ್. ಹೊಟ್ಟಿನಿಂದ ಒಂದೂವರೆ ಅಡಿ ಮೇಲೆ. ಎಲ್‌ಇಡಿ ಹಾಕಿ ಮೋಸ ಹೋಗಬೇಡಿ, ಬೆಳಕು ಬರುತ್ತದೆ, ಮರಿಗೆ ಸಾಕಾಗುವ ಶಾಖ ಬರಲ್ಲ. ಮರಿಗಳನ್ನು ನೋಡಿ. ಬಲ್ಬಿನ ಕೆಳಗೆ ಗುಂಪು ಕಟ್ಟಿದರೆ ಚಳಿ. ಬಾಯಿ ತೆರೆದು ದೂರ ಓಡಿದರೆ ಸೆಕೆ. ಹರಡಿಕೊಂಡಿದ್ದರೆ ಸರಿ.

ಸಕಲೇಶಪುರದ ಅಕ್ಕ:
"ಕಟ್ಟಿದ ರೀತಿ" ಅಂತ ನನ್ನ ಮೇಲೆ ಹಾಕಬೇಡಿ. ಎಲೆಕ್ಟ್ರಿಷಿಯನ್ನೇ ಬಂದು ಕಟ್ಟಿದ್ದು. ವೈರಿನಲ್ಲೇ ಇತ್ತು, ಹೌದು. ಮೂರು ಹೇಂಟೆಯಲ್ಲಿ ಒಂದು ಕಾವಿಗೆ ಕೂತದ್ದೇ. ಅದರ ಮರಿಗಳಿಗೆ ಈಗ ಹತ್ತು ದಿನ.

ಕೋಲಾರದ ಹುಂಜ:
ಅಯ್ಯೋ, ಹತ್ತೇ ದಿನವಾ? ಈಗ ಎಲ್ಲಿಟ್ಟಿದ್ದೀರಿ?

ಸಕಲೇಶಪುರದ ಅಕ್ಕ:
ಅಡುಗೆಮನೆಯಲ್ಲಿ, ಒಲೆಯಿಂದ ದೂರ, ರಟ್ಟಿನ ಪೆಟ್ಟಿಗೆಯಲ್ಲಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಇಡುತ್ತಿದ್ದೇನೆ. ಎರಡೆರಡು ಗಂಟೆಗೆ ಏಳುತ್ತೇನೆ.

ಬೀದರ್ ರೈತ:
ಎರಡು ಗಂಟೆಗೆ ನೀರು ಆರಿರುತ್ತದೆ. ಸರಪಳಿ ಹಾಕಿ ಬಲ್ಬ್ ಕಟ್ಟಿ ಅಂದರೆ ಕೇಳಲ್ಲ.

ಸಕಲೇಶಪುರದ ಅಕ್ಕ:
ಕಟ್ಟಲ್ಲ. ಆರೂ ಚೆನ್ನಾಗಿವೆ.

ಹಾಸನದ ತೋಟ:
ಇವತ್ತು ಟಾರ್ಪಾಲಿನ್ ಮೇಲ್ಗಡೆ ಒಂದು ಗೇಣು ಬಿಟ್ಟೆ. ಕೆಂಡದ ವಿಷಯ ಒಪ್ಪಿದೆ ಅಂತ ಯಾರೂ ತಿಳಿಯಬೇಡಿ.

ಕೋಲಾರದ ಹುಂಜ:
ಅಕ್ಕ, ಆ ಮರಿಗಳ ಕಾಲಿನ ಫೋಟೋ ಹಾಕಿ. ನಾಟಿಯೋ ಬೆರಕೆಯೋ ನಾನು ಹೇಳುತ್ತೇನೆ.